ಬಲಗಡೆಯಿಂದ ಬಂದವರು

ಪಾಣೆಮಂಗಳೂರು
9 ಫೆಬ್ರವರಿ 2025

ಪ್ರೀತಿಯ ಅಳಿಯ ಶೋಧನ್‌ಗೆ,

ಮಾವ ನಿತ್ಯಾನಂದ ಬರೆಯುವುದು. ಈ ಕಾಲದಲ್ಲಿ ಕಾಗದ ಯಾಕೆ ಎಂದು ನಗಬೇಡ. ಕಳೆದ ವರ್ಷ ಹಲ್ಲಿನ ಡಾಕ್ಟರಿಗೆ ಕಳಿಸಿದ ನನ್ನ ಬಾಯಿಯ ಫೋಟೋ ಹೇಗೋ ಕುಟುಂಬದ ವಾಟ್ಸಾಪ್ ಗುಂಪಿಗೆ ಬಿದ್ದು, ಬೊಂಬಾಯಿಯ ಅತ್ತಿಗೆಯವರೆಗೆ ಎಲ್ಲರೂ ನನ್ನ ದವಡೆಯ ಒಳಹೊರಗನ್ನು ನೋಡಿದ್ದಾರೆ. ಅಂಥ ಯಂತ್ರದಲ್ಲಿ ಈ ವಿಷಯ ಬರೆಯುವ ಧೈರ್ಯ ನನಗಿಲ್ಲ. ಮಹಮ್ಮದ್ ಕುಂಞಿಯವರ ಮಗ ಫೈಝಲ್ ನಾಳೆ ದೋಹಾಕ್ಕೆ ಹೊರಡುತ್ತಾನೆ. ಕಾಗದ ಅವನ ಕೈಯಲ್ಲಿ.

ನಿನ್ನ ಅಮ್ಮನಿಗೆ ನಾನು ಹೇಳಿದ ಕಥೆ ಇಷ್ಟು: ಗೃಹಪ್ರವೇಶದ ಊಟ ಮುಗಿಸಿ ಬರುವಾಗ ನಮ್ಮ ಕಾರು ಒಂದು ಸ್ಕೂಟರಿಗೆ ಸ್ವಲ್ಪ ತಾಗಿತು, ಸ್ಕೂಟರಿನವರು ಬಟ್ಟೆ ಕೊಡವಿಕೊಂಡು ಎದ್ದು ಹೋದರು. ಅವಳು ಫೋನಿನಲ್ಲಿ ಕೇಳಿದರೆ ನೀನೂ ಇದನ್ನೇ ಹೇಳು. ತಂಗಿ ಕಾಂತಿಗೆ ಬಿ.ಪಿ. ಉಂಟು, ನಿನಗೆ ಗೊತ್ತಲ್ಲ.

ನಿಜ ಏನೆಂದರೆ ಆ ಸ್ಕೂಟರಿನಲ್ಲಿ ಬಂದ ನಾರಾವಿಯ ಧರ್ಣಪ್ಪ ಗೌಡರ ಬಲಗಾಲಿನ ಎಲುಬು ಮೊಣಕಾಲಿನ ಕೆಳಗೆ ಮುರಿದಿದೆ. ಆಪರೇಷನ್ ಮಾಡಿ ಒಳಗೆ ರಾಡ್ ಹಾಕಿದ್ದಾರೆ. ಶಿರ್ತಾಡಿಯ ಈಚೆ ಆ ಒಳದಾರಿ ಮುಖ್ಯರಸ್ತೆಗೆ ಸೇರುವಲ್ಲಿ ಅವರು ಹಿಂದೆ ಹೇರಿಕೊಂಡಿದ್ದ ರಬ್ಬರ್ ಶೀಟುಗಳು ಚಾಪೆ ಹಾಸಿದ ಹಾಗೆ ಹರಡಿಕೊಂಡದ್ದು ನನಗೆ ಊಟಕ್ಕೆ ಕೂತರೂ ಕಾಣುತ್ತದೆ. ಆದರೆ ಮನುಷ್ಯ ಗಟ್ಟಿ. ನಿನ್ನೆ ಆಸ್ಪತ್ರೆಗೆ ಹೋದಾಗ ಗಂಜಿಗೆ ಉಪ್ಪು ಸಾಲದು ಎಂದು ನರ್ಸಿನ ಹತ್ತಿರ ವಾದಿಸುತ್ತಿದ್ದರು. ಉಪ್ಪಿನ ಯೋಚನೆ ಬಂದವನಿಗೆ ಸಾವಿನ ಯೋಚನೆ ಇಲ್ಲ ಎಂದು ನನ್ನ ಲೆಕ್ಕ.

ರಸ್ತೆಯಲ್ಲಿ ಸೇರಿದ ಜನರ ಎದುರೇ ಮಾತುಕತೆ ಆಗಿದೆ. ಆಸ್ಪತ್ರೆ ನಮ್ಮದು, ಸ್ಕೂಟರ್ ರಿಪೇರಿ ನಮ್ಮದು, ಪೊಲೀಸು ಬೇಡ. ನೀನು ಮರುದಿನವೇ ವಿಮಾನ ಹತ್ತಿದ್ದು ಒಳ್ಳೆಯದಾಯಿತು. ನಮ್ಮ ಊರಿನ ಅರ್ಧ ನ್ಯಾಯ ರಸ್ತೆಯ ಬದಿಯಲ್ಲೇ ತೀರುತ್ತದೆ. ಉಳಿದರ್ಧ ಮಾತ್ರ ಕೋರ್ಟಿಗೆ ಹೋಗಿ ಹಳತಾಗುವುದು.

ವಿಷಯ ಮುಗಿಯಿತು. ನಿದ್ದೆ ಮಾಡು.

ನಿನ್ನ ಮಾವ
ನಿತ್ಯಾನಂದ


ದೋಹಾ
16 ಫೆಬ್ರವರಿ 2025

ಮಾವನವರಿಗೆ ನಮಸ್ಕಾರ.

ಫೈಝಲ್ ವಿಮಾನ ನಿಲ್ದಾಣದಿಂದ ನೇರ ನನ್ನ ರೂಮಿಗೇ ಬಂದ. ನಿಮ್ಮ ಕಾಗದ ಓದಿದ ಮೇಲೆ ಹೊಟ್ಟೆಗೆ ಅನ್ನ ಇಳಿಯಿತು.

ಧರ್ಣಪ್ಪನವರ ಕಾಲು ಬೇಗ ಸರಿಯಾಗಲಿ. ಆದರೆ ಮಾವ, ಒಂದು ಮಾತು ಹೇಳಲೇಬೇಕು. ನಾನು ನೋಡದೆ ಕಾರು ಇಳಿಸಿದವನಲ್ಲ. ನೋಡಿದ್ದೇನೆ. ಬಸ್ ಸ್ಟ್ಯಾಂಡಿನವರೆಗೂ ರಸ್ತೆ ಖಾಲಿ ಇತ್ತು, ಈಗಲೂ ಕಣ್ಣು ಮುಚ್ಚಿದರೆ ಹಾಗೇ ಕಾಣುತ್ತದೆ. ಅವರು ಎಲ್ಲಿಂದ ಬಂದರು ಎಂದು ನನಗೆ ಅರ್ಥವೇ ಆಗುವುದಿಲ್ಲ. ಹಿಂದೆ ಅಷ್ಟು ರಬ್ಬರ್ ಹೇರಿಕೊಂಡು ತುಂಬಾ ಜೋರಾಗಿ ಬಂದಿರಬೇಕು. ಆರು ವರ್ಷದಿಂದ ಇಲ್ಲಿ ಗಾಡಿ ಓಡಿಸುತ್ತಿದ್ದೇನೆ, ಒಂದು ಗೆರೆ ಬಿದ್ದದ್ದಿಲ್ಲ.

ಇನ್ನೊಂದು ಸಂತೋಷದ ವಿಷಯ. ನಾನು ಹೇಳಿದ್ದ ಹೊಸ ಕಂಪೆನಿಯವರು ನನ್ನನ್ನು ಆರಿಸಿದ್ದಾರೆ. ಈಗಿನ ಗೋದಾಮಿನ ಹಾಗಲ್ಲ. ಇಡೀ ವಿಭಾಗ ನನ್ನ ಕೈಯಲ್ಲಿ, ಅಮ್ಮನನ್ನು ಕರೆಸಿಕೊಳ್ಳಲೂ ಅನುಕೂಲ. ಅವರು ಕೇಳುವುದು ಒಂದೇ: ಊರಿನಲ್ಲಿ ನನ್ನ ಮೇಲೆ ಯಾವ ಕೇಸೂ ಇಲ್ಲ ಎಂದು ಪೊಲೀಸರ ಪ್ರಮಾಣಪತ್ರ. ಮುಂದಿನ ತಿಂಗಳು ಅರ್ಜಿ ಹಾಕುತ್ತೇನೆ. ಕೇಸು ಇಲ್ಲದ್ದು ದೇವರ ದಯೆ, ನಿಮ್ಮ ಮಾತಿನ ಸಾಮರ್ಥ್ಯ.

ನಿಮ್ಮ
ಶೋಧನ್


ಪಾಣೆಮಂಗಳೂರು
2 ಮಾರ್ಚ್ 2025

ಪ್ರೀತಿಯ ಶೋಧನ್,

ಹೊಸ ಕೆಲಸದ ಸುದ್ದಿ ಓದಿ ಆ ದಿನ ನಮ್ಮ ಹೋಟೆಲಿಗೆ ಬಂದವರಿಗೆಲ್ಲ ಸಜ್ಜಿಗೆ ಪುಕ್ಕಟೆ ಕೊಡುವ ಎಂದು ಕಂಡಿತು. ಎರಡು ನಿಮಿಷ ಕಳೆದ ಮೇಲೆ ಹಾಗೆ ಕಾಣಲಿಲ್ಲ. ಆದರೂ ಸಂತೋಷ ಪೂರ್ತಿ ಉಂಟು.

ಪ್ರಮಾಣಪತ್ರದ ಅರ್ಜಿ ಮಾತ್ರ ಸ್ವಲ್ಪ ತಡೆ. ಒಂದು ಸಣ್ಣ ಕಾಗದ ಬಂದಿದೆ. ರಸ್ತೆ ಅಪಘಾತದಲ್ಲಿ ಎಲುಬು ಮುರಿದವರು ಬಂದರೆ ಆಸ್ಪತ್ರೆಯವರು ಠಾಣೆಗೆ ತಿಳಿಸಲೇಬೇಕಂತೆ. ತಿಳಿಸಿದ್ದಾರೆ. ನಮ್ಮ ರಸ್ತೆ ಬದಿಯ ಮಾತುಕತೆಗೆ ಸರಕಾರವನ್ನು ಕರೆಯಲು ಮರೆತಿದ್ದೆವು, ಅದಕ್ಕೆ ಅದು ತಾನೇ ಬಂದಿದೆ. ಈ ನಂಬರಿನ ಕಾರು ನಿಮ್ಮದು, ಆ ಹೊತ್ತು ಓಡಿಸುತ್ತಿದ್ದವರು ಯಾರು, ಬರೆದು ತಿಳಿಸಿ ಎಂದು ಕಾರಿನ ಮಾಲಕನಾದ ನನಗೆ ನೋಟಿಸು. ಅಷ್ಟೆ.

ಮೂಡಬಿದಿರೆಯ ಕೋರ್ಟಿನಲ್ಲಿ ವಕೀಲೆ ಅಕ್ಷಿತಾ ಎಂಬ ಹುಡುಗಿ ಇದ್ದಾಳೆ. ನಮ್ಮ ಹೋಟೆಲಿನ ಬನ್ಸಿನ ಅಭಿಮಾನಿ. ಸುಮ್ಮನೆ ಕೇಳಿ ನೋಡಿದೆ. ರಸ್ತೆಯಲ್ಲಿ ಮೊದಲ ಹಕ್ಕು ಯಾರದು ಎಂದು ನಲವತ್ತು ವರ್ಷದಿಂದ ನಾನು ಕಂಡ ನಿಯಮ ಬೇರೆ. ಮೊದಲು ಎಕ್ಸ್‌ಪ್ರೆಸ್ ಬಸ್ಸು, ಅದಕ್ಕೆ ಟೈಮಿಂಗ್ ಉಂಟು. ನಂತರ ಮೀನಿನ ಲಾರಿ, ಅದರ ಐಸು ಕರಗುತ್ತದೆ. ನಂತರ ಮದುಮಗಳ ಕಾರು, ಮುಹೂರ್ತ ಮೀರುತ್ತದೆ. ನಂತರ ದನ. ಅದಕ್ಕೆ ಅವಸರ ಏನೂ ಇಲ್ಲ, ಆದರೆ ಅದರೊಡನೆ ವಾದ ಮಾಡಿ ಗೆದ್ದವರಿಲ್ಲ. ಕೊನೆಗೆ ಹಾರ್ನ್ ಗಟ್ಟಿ ಇದ್ದವನು. ಇಷ್ಟನ್ನೂ ಹೇಳಿದೆ. ಆ ಹುಡುಗಿ ನಕ್ಕು, "ಇದು ಯಾವುದೂ ಪುಸ್ತಕದಲ್ಲಿ ಇಲ್ಲ ಸರ್. ಒಳದಾರಿಯಿಂದ ಬರುವವನು ನಿಲ್ಲಬೇಕು, ಮುಖ್ಯರಸ್ತೆಯಲ್ಲಿ ಬರುವವನಿಗೆ ದಾರಿ ಬಿಡಬೇಕು. ಬಿಡದೆ ಎಲುಬು ಮುರಿದರೆ ಅದು ಕ್ರಿಮಿನಲ್ ಕೇಸು" ಎಂದಳು.

ನೀನು ಹೆದರಬೇಡ. ಯಾರಿಗೂ ಏನೂ ಬರೆಯಬೇಡ, ಹೇಳಬೇಡ. ನೋಟಿಸಿಗೆ ಉತ್ತರ ನಾನು ಬರೆಯುತ್ತೇನೆ. ಏನು ಬರೆಯಬೇಕೆಂದು ನನಗೆ ಗೊತ್ತುಂಟು.

ನಿನ್ನ ಮಾವ


ದೋಹಾ
10 ಮಾರ್ಚ್ 2025

ಮಾವನವರಿಗೆ,

"ಏನು ಬರೆಯಬೇಕೆಂದು ನನಗೆ ಗೊತ್ತುಂಟು" ಎಂದು ಬರೆದಿದ್ದೀರಿ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ.

ಕಾರು ನಿಮ್ಮದು, ಹೋಟೆಲು ನಿಮ್ಮದು, ಊರಿನಲ್ಲಿ ಹೆಸರಿರುವುದು ನಿಮಗೆ. ನಿಮಗೆ ಕಷ್ಟ ಆಗಬಾರದು, ಒಪ್ಪುತ್ತೇನೆ. ಆದರೆ ನನ್ನ ಹೆಸರು ಬರೆಯುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ? ಈ ಪ್ರಮಾಣಪತ್ರ ಸಿಗದಿದ್ದರೆ ಈ ಕೆಲಸ ಹೋಯಿತು. ಇನ್ನೊಂದು ಇಂಥದ್ದು ಬರಲು ಇನ್ನೆಷ್ಟು ವರ್ಷವೋ. ಎರಡು ತಿಂಗಳು ಉತ್ತರ ಕೊಡದೆ ಇರಲು ಸಾಧ್ಯ ಇಲ್ಲವೇ? ನೀವು ಮನಸ್ಸು ಮಾಡಿದರೆ ಮಾತಿನಲ್ಲೇ ಮೂರು ತಿಂಗಳು ಎಳೆಯಬಲ್ಲಿರಿ.

ಅವರ ತಪ್ಪೂ ಇಲ್ಲವೇ? ರಸ್ತೆ ಖಾಲಿ ಇತ್ತು ಮಾವ. ನಾನು ನೋಡಿದ್ದೇನೆ. ಪಕ್ಕದಲ್ಲಿ ನೀವೂ ಇದ್ದಿರಿ.

ಶೋಧನ್


ಪಾಣೆಮಂಗಳೂರು
17 ಮಾರ್ಚ್ 2025

ಶೋಧನ್,

ನಿನ್ನ ಹೆಸರು ಎಲ್ಲಿಯೂ ಬರುವುದಿಲ್ಲ. ಕಾರು ಓಡಿಸುತ್ತಿದ್ದವನು ನಾನು ಎಂದು ಬರೆದು ಕೊಡುತ್ತೇನೆ. ನನಗೆ ಲೈಸೆನ್ಸ್ ಉಂಟು, ಪ್ರಾಯ ಅರವತ್ತೆರಡು ಆಯಿತು, ಯಾವ ದೇಶದ ಪ್ರಮಾಣಪತ್ರವೂ ಬೇಡ. ನನ್ನ ಮೇಲೆ ಕೇಸಾದರೆ ನೀರುದೋಸೆ ತಿನ್ನುವವರು ತಿನ್ನದೆ ಇರುವುದಿಲ್ಲ.

ಇದು ಬರೆಯುವ ಯೋಚನೆ ನೋಟಿಸು ಬಂದ ದಿನವೇ ಇತ್ತು. ನೀನು ತಿಳಿದದ್ದು ಬೇರೆ. ಇರಲಿ. ಬೊಂಬಾಯಿಯ ಕ್ಯಾಂಟೀನಿನಲ್ಲಿ ಲೋಟ ತೊಳೆದವನಿಗೆ ಇದೆಲ್ಲ ತಾಗುವುದಿಲ್ಲ.

ಬರುವ ಶನಿವಾರ ನಾರಾವಿಗೆ ಹೋಗುತ್ತೇನೆ. ಧರ್ಣಪ್ಪನವರ ಹೇಳಿಕೆ ಪೊಲೀಸರು ಇನ್ನೂ ತೆಗೆದುಕೊಂಡಿಲ್ಲವಂತೆ. ಅವರ ಮಾತೂ ನನ್ನ ಮಾತೂ ಒಂದೇ ಆದರೆ ಆಯಿತು.

ಮಾವ


ಪಾಣೆಮಂಗಳೂರು
23 ಮಾರ್ಚ್ 2025

ಪ್ರೀತಿಯ ಶೋಧನ್,

ನಾರಾವಿಗೆ ಹೋಗಿ ಬಂದೆ. ಮಾತಿನಲ್ಲಿ ಸೋತು ಬಂದೆ. ನನ್ನ ಜೀವಮಾನದಲ್ಲಿ ಇದು ಎಷ್ಟನೆಯ ಸಲ ಎಂದು ಎಣಿಸಲು ಒಂದು ಕೈಯ ಬೆರಳು ಹೆಚ್ಚಾಗುತ್ತದೆ.

ಧರ್ಣಪ್ಪ ಜಗಲಿಯಲ್ಲಿ ಕೂತಿದ್ದರು, ಕಾಲು ಬೆಂಚಿನ ಮೇಲೆ. ಅವರ ಹೆಂಡತಿ ಪೂವಮ್ಮ ಆಗಷ್ಟೆ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗ್ ಮುಗಿಸಿ ಬಂದು ಕೈ ತೊಳೆಯುತ್ತಿದ್ದರು. ಗಂಡನ ಕಾಲು ಮುರಿದ ಮೇಲೆ ಆ ಕೆಲಸವೂ ಅವರದೇ. ನಾನು ಬನ್ಸಿನ ಪೊಟ್ಟಣ ಮುಂದಿಟ್ಟು, ಊರಿನ ವಿಷಯ ಎರಡು ಆಡಿ, ನಂತರ ಮೆಲ್ಲಗೆ ಹೇಳಿದೆ: "ಗೌಡ್ರೇ, ಕಾರು ನಾನೇ ಓಡಿಸ್ತಿದ್ದದ್ದು ಅಂತ ಬರೆಯುವ ಅಂತ ಉಂಟು. ಪೊಲೀಸರು ಕೇಳಿದರೆ ನೀವೂ ಹಾಗೇ ಹೇಳಿದರೆ ಆಯ್ತು. ನಿಮಗೆ ಇದರಿಂದ ನಷ್ಟ ಏನಿಲ್ಲ."

ಧರ್ಣಪ್ಪ ಬನ್ಸಿನ ಪೊಟ್ಟಣವನ್ನು ಬದಿಗೆ ಸರಿಸಿದರು. ನಂತರ, "ನೀವು ಎಡಗಡೆಯ ಬಾಗಿಲಿನಿಂದ ಇಳಿದಿರಿ" ಎಂದರು.

"ಬಿದ್ದವರಿಗೆ ಅದೆಲ್ಲ ಎಲ್ಲಿ ನೆನಪಿರ್ತದೆ?"

"ಬಿದ್ದವನಿಗೆ ಬೇರೆ ನೋಡ್ಲಿಕ್ಕೆ ಏನುಂಟು ಮಾರಾಯ್ರೆ? ನಿಮ್ಮ ಕಾರೇ ಕಣ್ಣೆದುರು. ನೀವು ಇಳಿದವರು ಮೊದಲು ಬಂಪರ್ ನೋಡಿದಿರಿ, ಮತ್ತೆ ನನ್ನನ್ನು ನೋಡಿದಿರಿ."

ಶೋಧನ್, ಇದು ಸತ್ಯ. ನನಗೆ ಆ ಕ್ಷಣ ಜಗಲಿಯ ನೆಲ ಬಿಟ್ಟರೆ ನೋಡಲು ಬೇರೆ ಜಾಗ ಇರಲಿಲ್ಲ.

"ಬಲಗಡೆಯಿಂದ ಇಳಿದ ಹುಡುಗ ಅಂಗಿ ಬಿಚ್ಚಿ ನನ್ನ ಕಾಲಿಗೆ ಕಟ್ಟಿದ. ನೀವು ಡ್ರೈವರ್ ಅಂತ ಆದರೆ ಆ ಹುಡುಗ ಯಾರು? ಅವನು ಅಲ್ಲಿ ಇರಲೇ ಇಲ್ಲ ಅಂತ ಆಗ್ತದೆ. ಕಾಲು ಮುರಿದದ್ದೂ ಅವನೇ, ಕಟ್ಟಿದ್ದೂ ಅವನೇ. ಒಂದನ್ನು ಅಳಿಸಿ ಒಂದನ್ನು ಇಡ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಆಗ ಪೂವಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಬಂದರು. "ಶೆಟ್ರೇ, ನಿಮ್ಮ ಹೋಟೆಲಿನಲ್ಲಿ ಒಬ್ಬ ತಿಂದ ದೋಸೆಗೆ ಪಕ್ಕದ ಮೇಜಿನವನ ಹತ್ತಿರ ಬಿಲ್ಲು ಕೊಡ್ತೀರಾ?"

"ಸಂಬಂಧಿಕರಾದರೆ ಕೆಲವೊಮ್ಮೆ ಕೊಡ್ತೇವೆ" ಎಂದೆ. ಒಳ್ಳೆಯ ಉತ್ತರ ಎಂದು ನನಗೇ ಖುಷಿಯಾಯಿತು.

"ಬಿಲ್ಲು ಕೊಡಿ, ಬೇಡ ಅಂತ ಯಾರು ಹೇಳ್ತಾರೆ? ತಿಂದದ್ದು ನಾನು ಅಂತ ಯಾಕೆ ಹೇಳುವುದು?"

ನಾನು ಎದ್ದು ಚಪ್ಪಲಿ ಹುಡುಕಿದೆ.

ಹೊರಡುವಾಗ ಧರ್ಣಪ್ಪ ಇನ್ನೊಂದು ಮಾತು ಹೇಳಿದರು. ಅವರ ಊರಿನಲ್ಲಿ ಜತ್ತಪ್ಪನ ಅಂಗಡಿ ಉಂಟು, ಸಂಜೆ ಎಲ್ಲರೂ ಸೇರುವ ಜಾಗ. ಅಲ್ಲಿ ಜನ ಆಡುವುದು ಏನೆಂದರೆ, ಧರ್ಣಪ್ಪ ರಬ್ಬರ್ ಹೇರಿಕೊಂಡು ರಸ್ತೆ ಅಪ್ಪನದು ಅಂತ ಹೋದ, ಬಿದ್ದ. "ಆವತ್ತು ರಸ್ತೆ ನನ್ನದೇ, ಶೆಟ್ರೇ. ನಾನು ನನ್ನ ಬದಿಯಲ್ಲಿ, ನನ್ನ ಸ್ಪೀಡಿನಲ್ಲಿ ಬರ್ತಿದ್ದೆ. ಅದನ್ನು ಗಾಡಿ ಓಡಿಸಿದವನೇ ಒಂದು ಸಲ ಹೇಳಿದರೆ ನನಗೆ ಸಾಕು. ಜೈಲು ಗೀಲು ನನಗೆ ಬೇಡ."

ಉತ್ತರ ಇನ್ನೂ ಬರೆದಿಲ್ಲ. ಬರೆಯಲು ಕೂರುತ್ತೇನೆ, ಹೆಸರಿನ ಜಾಗಕ್ಕೆ ಬಂದಾಗ ಯಾರಾದರೂ ಚಾ ಕೇಳುತ್ತಾರೆ, ಏಳುತ್ತೇನೆ. ಯಾರೂ ಕೇಳದಿದ್ದರೂ ಏಳುತ್ತೇನೆ.

ಮಾವ


ದೋಹಾ
25 ಮಾರ್ಚ್ 2025

ಪ್ರೀತಿಯ ಮಾವನಿಗೆ,

ನಿಮ್ಮ ಹದಿನೇಳರ ಕಾಗದ ಮೊನ್ನೆ ಬಂತು. ನೀವು ನಾರಾವಿಗೆ ಹೋಗಿ ಬಂದು ಬರೆದ ಕಾಗದ ಇದ್ದರೆ ಅದು ಇನ್ನೂ ದಾರಿಯಲ್ಲಿ ಉಂಟು. ಅದಕ್ಕೆ ಕಾಯದೆ ಬರೆಯುತ್ತಿದ್ದೇನೆ.

ನೀವು ತಪ್ಪು ಹೊತ್ತುಕೊಳ್ಳುತ್ತೀರಿ ಎಂದು ಓದಿ ಮೊದಲು ನನಗಾದದ್ದು ನಾಚಿಕೆಯಲ್ಲ, ಸಮಾಧಾನ. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೆ ಹಾಗೇ ಆಯಿತು.

ಮರುದಿನ ಫೈಝಲ್‌ನನ್ನು ಕೂರಿಸಿಕೊಂಡು ಮಾರ್ಕೆಟಿಗೆ ಹೊರಟೆ. ಗಲ್ಲಿಯಿಂದ ದೊಡ್ಡ ರಸ್ತೆಗೆ ಇಳಿಯುವಲ್ಲಿ ನನ್ನ ಕತ್ತು ತನ್ನಷ್ಟಕ್ಕೆ ಎಡಕ್ಕೆ ತಿರುಗಿತು. ಇಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುವುದಲ್ಲವೇ? ಗಲ್ಲಿಯಿಂದ ಇಳಿಯುವವನ ಮೇಲೆ ಬರುವ ಗಾಡಿ ಎಡಗಡೆಯಿಂದಲೇ ಬರುವುದು. ಎಡಕ್ಕೆ ನೋಡಿದೆ, ಖಾಲಿ ಇತ್ತು, ಇಳಿಸಿದೆ. ಬಲಗಡೆ ನೋಡಲೇ ಇಲ್ಲ. ಇಲ್ಲಿ ಅಗತ್ಯವೂ ಇಲ್ಲ.

ಸ್ವಲ್ಪ ಮುಂದೆ ಹೋಗಿ ಗಾಡಿ ಬದಿಗೆ ನಿಲ್ಲಿಸಿದೆ. ಫೈಝಲ್, "ಎಂತ ಮಾರಾಯ, ಪೆಟ್ರೋಲ್ ಮುಗೀತಾ?" ಎಂದ.

ಮಾವ, ಶಿರ್ತಾಡಿಯಲ್ಲಿ ನಾನು ನೋಡಿದ ಖಾಲಿ ರಸ್ತೆಯಲ್ಲಿ ಒಂದು ಹಳದಿ ಬಸ್ ಸ್ಟ್ಯಾಂಡ್ ಉಂಟು. ಮೊದಲ ಕಾಗದದಲ್ಲಿಯೂ ಅದನ್ನೇ ಬರೆದಿದ್ದೆ. ಆ ಬಸ್ ಸ್ಟ್ಯಾಂಡ್ ಇರುವುದು ಎಡಗಡೆ, ಮೂಡಬಿದಿರೆಯ ದಿಕ್ಕಿನಲ್ಲಿ. ಧರ್ಣಪ್ಪ ಬಂದದ್ದು ನಾರಾವಿಯ ದಿಕ್ಕಿನಿಂದ, ಬಲಗಡೆಯಿಂದ. ಆ ಬದಿಯಲ್ಲಿ ಏನಿತ್ತು ಎಂದು ನೆನಪು ಮಾಡಲು ನೋಡಿದೆ. ಒಂದು ಮರ, ಒಂದು ಕಂಬ, ಒಂದು ಬೋರ್ಡು? ಏನೂ ಇಲ್ಲ. ಆ ಕಡೆ ನಾನು ನೋಡಿಯೇ ಇಲ್ಲ. ಅವರು ಜೋರಾಗಿ ಬಂದರು ಎಂದದ್ದು ನನ್ನ ಕಟ್ಟುಕಥೆ. ಮೆಲ್ಲ ಬಂದಿದ್ದರೂ ನನಗೆ ಕಾಣುತ್ತಿರಲಿಲ್ಲ.

ಇನ್ನೊಂದು ವಿಷಯ. ನೀವು ಆವತ್ತು ಪಕ್ಕದಲ್ಲಿ ಕೂತು ಯಾವುದೋ ಕಥೆ ಹೇಳುತ್ತ, ನಡುವೆ "ಖಾಲಿ ಉಂಟು, ಹೋಗುವ" ಎಂದಿರಿ. ಅದನ್ನು ನೀವು ಯಾವ ಕಾಗದದಲ್ಲಿಯೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನಾನು ಬರೆಯದೆ ಇದ್ದದ್ದು ನಿಮ್ಮ ಮೇಲಿನ ಮರ್ಯಾದೆಗೆ ಎಂದುಕೊಂಡಿದ್ದೆ. ಅಲ್ಲ. ಕೊನೆಗೆ ಬೇಕಾದರೆ ಇರಲಿ ಎಂದು ತೆಗೆದಿಟ್ಟಿದ್ದೆ. ಅದರಿಂದಾಗಿಯೇ ನೀವು ನಿಮ್ಮ ಹೆಸರು ಬರೆಯಲು ಹೊರಟಿದ್ದರೆ ಕೇಳಿ: ನೀವು ಅದನ್ನು ಹೇಳುವಾಗ ಕಾರು ಹೊರಟಾಗಿತ್ತು. ನಿಮ್ಮ ಮಾತು ಕಾರಿನ ಹಿಂದೆ ಬಂದದ್ದು.

ನನ್ನ ಹೆಸರು ಬರೆಯಿರಿ. ಹೊಸ ಕಂಪೆನಿಯ ಮ್ಯಾನೇಜರಿಗೆ ನಾನೇ ವಿಷಯ ಹೇಳಿದ್ದೇನೆ. ಕೇಸು ಮುಗಿಸಿಕೊಂಡು ಬಾ, ಆಗಸ್ಟಿನವರೆಗೆ ನೋಡುವ ಎಂದಿದ್ದಾನೆ. ಸಿಕ್ಕಿದರೆ ಸಿಕ್ಕಿತು. ಕೋರ್ಟು ಕರೆದ ದಿನ ಬರುತ್ತೇನೆ.

ನಿಮ್ಮ
ಶೋಧನ್


ಪಾಣೆಮಂಗಳೂರು
2 ಏಪ್ರಿಲ್ 2025

ಪ್ರೀತಿಯ ಶೋಧನ್,

ನಿನ್ನ ಕಾಗದವನ್ನು ಕ್ಯಾಶ್ ಕೌಂಟರಿನಲ್ಲಿ ಕೂತು ಓದಿದೆ. ಓದಿ ತಲೆ ಎತ್ತುವಾಗ ಎದುರು ನಿಂತಿದ್ದ ಗಿರಾಕಿ ಇರಲಿಲ್ಲ. ಪೂರಿ ತಿಂದು ದುಡ್ಡು ಕೊಡದೆ ಹೋಗಿದ್ದ. ಹೋಗಲಿ. ಈ ಹೋಟೆಲಿನಲ್ಲಿ ನನ್ನ ಕಣ್ಣು ತಪ್ಪಿಸಿ ಹೋದ ಮೊದಲ ಮನುಷ್ಯ, ಅವನಿಗೂ ಒಂದು ಒಳ್ಳೆಯ ದಿನ.

ಅದೇ ಹೊತ್ತು ನೋಟಿಸಿಗೆ ಉತ್ತರ ಬರೆದೆ. ಓಡಿಸುತ್ತಿದ್ದವನು ನನ್ನ ತಂಗಿಯ ಮಗ ಶೋಧನ್, ಈಗ ದೋಹಾದಲ್ಲಿದ್ದಾನೆ, ಕರೆದಾಗ ಬರುತ್ತಾನೆ. ಹೆಸರಿನ ಜಾಗ ಬಂದಾಗ ಯಾರೋ ಚಾ ಕೇಳಿದರು. ಕಾಯಲಿ ಎಂದೆ.

ಈಗ ನಿನಗೆ ಹೇಳದ ಒಂದು ಮಾತು. ಅಕ್ಷಿತಾ ಮೊದಲೇ ನನ್ನನ್ನು ಎಚ್ಚರಿಸಿದ್ದಳು. ಸುಳ್ಳು ಹೆಸರು ಬರೆದರೆ ಅದೇ ಇನ್ನೊಂದು ಕೇಸು. ಗೊತ್ತಾದರೆ ವಿಮೆಯವರು ತಗಾದೆ ತೆಗೆಯುತ್ತಾರೆ, ಧರ್ಣಪ್ಪನಿಗೆ ನ್ಯಾಯವಾಗಿ ಬರಬೇಕಾದ ಪರಿಹಾರವೂ ಸಿಕ್ಕಿಹಾಕಿಕೊಳ್ಳುತ್ತದೆ. ಇಷ್ಟು ಗೊತ್ತಿದ್ದೂ ಅವರ ಜಗಲಿಗೆ ಹೋಗಿ "ನಿಮಗೆ ನಷ್ಟ ಏನಿಲ್ಲ" ಎಂದು ಹೇಳಿದವನು ನಾನು. ಬನ್ಸಿನ ಪೊಟ್ಟಣ ಬೇರೆ.

"ಹೋಗುವ" ಎಂದದ್ದು ಹೌದು. ಫೆಬ್ರವರಿಯಿಂದ ಅದು ನನ್ನ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ಇತ್ತು. ಇವತ್ತು ಅಕ್ಷಿತಾಳಲ್ಲಿ ಕೇಳಿದೆ. "ಪಕ್ಕದಲ್ಲಿ ಕೂತವನು ಏನು ಹೇಳಿದ ಅಂತ ಕಾನೂನು ಕೇಳುವುದಿಲ್ಲ ಸರ್. ನೋಡಬೇಕಾದದ್ದು ಸ್ಟೇರಿಂಗ್ ಹಿಡಿದವನು. ನಿಮ್ಮ ಮಾತಿಗೆ ಇಲ್ಲಿ ಬೆಲೆ ಇಲ್ಲ" ಎಂದಳು. ನನ್ನ ಮಾತಿಗೆ ಬೆಲೆ ಇಲ್ಲ ಎಂದು ಕೇಳಿ ಸಮಾಧಾನ ಆದದ್ದು ಹುಟ್ಟಿದ ಮೇಲೆ ಇದೇ ಮೊದಲು. ಆದರೆ ನೀನು ಬರೆದ ಸಾಲು ಅದಕ್ಕಿಂತ ದೊಡ್ಡದು. ಕಾರು ಮೊದಲು ಹೊರಟಿತೋ ನನ್ನ ಮಾತು ಮೊದಲು ಹೊರಟಿತೋ ನಾನು ಇನ್ನು ಯೋಚಿಸಲು ಹೋಗುವುದಿಲ್ಲ. ನೀನು ಹಾಗೆ ಬರೆದೆಯಲ್ಲ, ಸಾಕು.

ಮುಂದೆ ಆಗುವುದು ಹೀಗಂತೆ. ನಿನ್ನ ಮೇಲೆ ಎರಡು ಕಲಂ. ಧರ್ಣಪ್ಪನ ಕಾಲು ಮುರಿದದ್ದಕ್ಕೆ ಒಂದು. ಕೋರ್ಟು ಒಪ್ಪಿದರೆ ಅದನ್ನು ಅವರು ರಾಜಿ ಮಾಡಬಹುದು. ನಿರ್ಲಕ್ಷ್ಯದಿಂದ ಗಾಡಿ ಓಡಿಸಿದ್ದಕ್ಕೆ ಇನ್ನೊಂದು. ಅದನ್ನು ಯಾರೂ ರಾಜಿ ಮಾಡಲಾಗದು, ತಪ್ಪು ಒಪ್ಪಿಕೊಂಡರೆ ಹೆಚ್ಚಾಗಿ ದಂಡದಲ್ಲಿ ಮುಗಿಯುತ್ತದೆ. ಲೈಸೆನ್ಸ್ ಸ್ವಲ್ಪ ಕಾಲ ಅಮಾನತಾದೀತು. ರಸ್ತೆಯ ಬದಿಯಲ್ಲಿ ಹತ್ತು ಜನ ಸೇರಿ ನಾವು ಮಾಡಿದ ರಾಜಿಗೆ ಹುಣಸೆಬೀಜದಷ್ಟೂ ತೂಕ ಇಲ್ಲವಂತೆ.

ಕಾಂತಿಗೆ ಎಲ್ಲ ಹೇಳಿಬಿಡುವ ಎಂದು ಹೋದೆ. ಅವಳಿಗೆ ಗೊತ್ತಿತ್ತು. ಫೈಝಲ್‌ನ ಅಮ್ಮ ಸೈನಬ ಒಂದು ತಿಂಗಳ ಹಿಂದೆಯೇ ಹೇಳಿದ್ದಾರೆ. "ನಿಮಗೆ ಬಿ.ಪಿ. ಉಂಟಲ್ಲ ಅಣ್ಣ, ಅದಕ್ಕೆ ನಾನು ಕೇಳಲಿಲ್ಲ" ಎಂದಳು. ಲಕೋಟೆ ಅಂಟಿಸಿದ್ದೆ ಶೋಧನ್. ಫೈಝಲ್‌ನ ಬಾಯಿ ಅಂಟಿಸಲು ಮರೆತಿದ್ದೆ.

ನಿನ್ನ ಮಾವ


ದೋಹಾ
22 ಜೂನ್ 2025

ಪ್ರೀತಿಯ ಮಾವನಿಗೆ,

ಕೋರ್ಟಿನಿಂದ ಬಂದವನು ನೇರ ವಿಮಾನ ಹಿಡಿಯಬೇಕಾಗಿ ಬಂದು ನಿಮ್ಮೊಡನೆ ಸರಿಯಾಗಿ ಮಾತಾಡಲೇ ಆಗಲಿಲ್ಲ. ಒಳಗೆ ನಡೆದದ್ದನ್ನು ನೀವು ನೋಡಲಿಲ್ಲ. ನನ್ನ ಹೆಸರು ಕೂಗುವ ಹೊತ್ತಿಗೇ ನಿಮ್ಮ ಕಿಸೆಯಲ್ಲಿ ಫೋನು ಚೆಂಡೆ ಬಾರಿಸಿತು, ನಿಮ್ಮನ್ನು ಹೊರಗೆ ಕಳಿಸಿದರು. ಯಾರ ಫೋನು ಅದು? ತೆಂಗಿನಕಾಯಿಯವನದೇ?

ನ್ಯಾಯಾಧೀಶರು ಆರೋಪ ಓದಿದರು. ಮುಖ್ಯರಸ್ತೆಯಲ್ಲಿ ಬರುತ್ತಿದ್ದ ವಾಹನಕ್ಕೆ ದಾರಿ ಬಿಡದೆ ಎಂಬ ಮಾತು ಬಂದಾಗ ನಾನು ತಲೆ ತಗ್ಗಿಸಿದೆ. "ಒಪ್ತೀರಾ?" ಎಂದರು. ಒಪ್ತೇನೆ ಎಂದೆ. "ಯಾರಾದರೂ ಹೇಳಿಕೊಟ್ಟು ಒಪ್ಪುವುದಾ?" ಎಂದರು. "ಇಲ್ಲ ಸ್ವಾಮಿ. ನಾನು ಬಲಗಡೆ ನೋಡಲಿಲ್ಲ. ರಸ್ತೆ ಅವರದಾಗಿತ್ತು, ನಾನು ದಾರಿ ಬಿಡಲಿಲ್ಲ" ಎಂದೆ.

ಆಮೇಲೆ ಧರ್ಣಪ್ಪನವರನ್ನು ಕರೆದರು. ಊರುಗೋಲು ಊರಿಕೊಂಡು ಬಂದರು. ರಾಜಿಗೆ ಒಪ್ಪಿಗೆ ಉಂಟೇ ಎಂದು ಕೇಳಿದಾಗ ಏನು ಹೇಳಿದರು ಗೊತ್ತೇ? "ಉಂಟು ಸ್ವಾಮಿ. ಆದರೆ ಅವನು ಈಗ ಹೇಳಿದ್ದನ್ನು ಇನ್ನೊಮ್ಮೆ ಹೇಳಬೇಕು."

"ಯಾಕೆ? ಇಲ್ಲಿ ಒಂದು ಸಲ ಹೇಳಿದರೆ ಸಾಕು."

"ನನಗೆ ಸರಿ ಕೇಳಲಿಲ್ಲ ಸ್ವಾಮಿ. ಆ ಶೆಟ್ರ ಫೋನು ಇನ್ನೂ ಕಿವಿಯಲ್ಲೇ ಉಂಟು."

ವಕೀಲರೆಲ್ಲ ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಕನ್ನಡಕ ತೆಗೆದು ಒರೆಸಿದರು. ಹೇಳಿ ಎಂಬಂತೆ ನನಗೆ ಕೈ ತೋರಿಸಿದರು. ಇನ್ನೊಮ್ಮೆ ಹೇಳಿದೆ, ಈ ಸಲ ಧರ್ಣಪ್ಪನವರ ಮುಖ ನೋಡಿ. ಅವರು ತಲೆಯಾಡಿಸಿ ಹೆಬ್ಬೆಟ್ಟಲ್ಲ, ಚಂದದ ಅಕ್ಷರದಲ್ಲಿ ರುಜು ಹಾಕಿದರು. ದಂಡ ಕಟ್ಟಿದೆ. ಲೈಸೆನ್ಸ್ ಮೂರು ತಿಂಗಳು ಅಮಾನತಾಗುತ್ತದೆ ಎಂದು ಅಕ್ಷಿತಾ ಮೇಡಂ ಹೇಳಿದರು.

ಹೊರಗೆ ನೀವು ನನ್ನ ಬೆನ್ನು ತಟ್ಟಿದಿರಿ, ಒಂದು ಮಾತೂ ಆಡಲಿಲ್ಲ. ಮಾವ ಮಾತಾಡದಿದ್ದರೆ ಯಾರಿಗಾದರೂ ಹೆದರಿಕೆ ಆಗುತ್ತದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದೇನೆ. ಅದರಲ್ಲಿ ಏನು ಬರೆದು ಬರುತ್ತದೋ ನೋಡುವ.

ನಿಮ್ಮ
ಶೋಧನ್


ಪಾಣೆಮಂಗಳೂರು
7 ಸೆಪ್ಟೆಂಬರ್ 2025

ಪ್ರೀತಿಯ ಶೋಧನ್,

ಹೊಸ ಕಂಪೆನಿಗೆ ಸೇರಿದೆ ಎಂದು ನೀನು ಫೋನಿನಲ್ಲಿ ಹೇಳಿದಾಗ ಕಾಂತಿ ಅತ್ತಳು, ನಾನು ಜಗಳಾಡಿದೆ. ನನಗೆ ಕಣ್ಣೀರು ಬರುವ ಹಾಗಾದರೆ ಯಾರ ಹತ್ತಿರವಾದರೂ ಜಗಳಾಡುವುದು ಅಭ್ಯಾಸ. ಆ ದಿನ ಸಿಕ್ಕಿದವನು ಹಾಲಿನವನು.

ಪ್ರಮಾಣಪತ್ರದ ವಿಚಾರಣೆಗೆ ಜುಲೈಯಲ್ಲಿ ಒಬ್ಬ ಪೊಲೀಸು ನಮ್ಮ ಹೋಟೆಲಿಗೇ ಬಂದಿದ್ದ. ನಿನಗೆ ಆಗ ಹೇಳಲಿಲ್ಲ. ಅವನು ಚಾ ಕುಡಿದ, ಕೇಸಿನ ಕಾಗದ ನೋಡಿದ, "ತಪ್ಪು ಒಪ್ಪಿ ದಂಡ ಕಟ್ಟಿದ್ದಾನೆ, ಕೇಸು ಮುಗಿದಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ" ಎಂದ. ಚಾಕ್ಕೆ ದುಡ್ಡೂ ಇಟ್ಟು ಹೋದ. ನಾನು ಬೇಡ ಎನ್ನುವಷ್ಟರಲ್ಲಿ ಮೆಟ್ಟಿಲು ಇಳಿದಾಗಿತ್ತು. ಇದ್ದದ್ದು ಇದ್ದ ಹಾಗೇ ಬರೆದು, ಅದನ್ನು ಓದಿಯೂ ನಿನ್ನನ್ನು ಕೆಲಸಕ್ಕೆ ತೆಗೆದುಕೊಂಡರಲ್ಲ! ನಾನು ಫೆಬ್ರವರಿಯಿಂದ ಹೆದರಿದ್ದು ಪೂರ್ತಿ ದಂಡ.

ಧರ್ಣಪ್ಪ ತೀರ್ಪಿನ ಒಂದು ಪ್ರತಿ ಕೇಳಿ ತೆಗೆದುಕೊಂಡಿದ್ದರು. ಅದನ್ನು ಜತ್ತಪ್ಪನ ಅಂಗಡಿಯಲ್ಲಿ ಒಬ್ಬ ಹೈಸ್ಕೂಲ್ ಮಾಸ್ಟ್ರಿಂದ ಎಲ್ಲರಿಗೂ ಕೇಳುವ ಹಾಗೆ ಓದಿಸಿದರಂತೆ. ಈಗ ಆ ಅಂಗಡಿಯಲ್ಲಿ, ನಾವು ಮೊದಲಿನಿಂದಲೂ ಹಾಗೇ ಹೇಳುತ್ತಿದ್ದೆವು ಎಂದು ಎಲ್ಲರೂ ಹೇಳುತ್ತಾರಂತೆ. ಪರಿಹಾರದ ಅರ್ಜಿಯೂ ನಡೆಯುತ್ತಿದೆ. ಓಡಿಸಿದವನು ಯಾರು ಎಂಬ ತಕರಾರು ವಿಮೆಯವರು ತೆಗೆದಿಲ್ಲ.

ನನ್ನಲ್ಲಿ ಆದ ಬದಲಾವಣೆ ಒಂದೇ. ಪಕ್ಕದಲ್ಲಿ ಕೂತಾಗ ರಸ್ತೆ ಸೇರುವ ಜಾಗ ಬಂದರೆ ಬಾಯಿ ಮುಚ್ಚುತ್ತೇನೆ. ಮೊನ್ನೆ ನಮ್ಮ ಹೋಟೆಲಿನ ಚನಿಯಪ್ಪ ಕಾರು ಓಡಿಸುತ್ತಿದ್ದವನು, "ಧಣಿಗಳಿಗೆ ಹುಷಾರಿಲ್ವಾ?" ಎಂದು ಕೇಳಿದ.

ಇವತ್ತು ಬೆಳಿಗ್ಗೆ ಆ ಗೃಹಪ್ರವೇಶದ ಮನೆಗೆ ಒಬ್ಬನೇ ಹೋಗಿದ್ದೆ. ಬರುವಾಗ ಅದೇ ಒಳದಾರಿಯ ಬಾಯಿಗೆ ಬಂದು ನಿಲ್ಲಿಸಿದೆ. ಬಲಕ್ಕೆ ನೋಡಿದೆ. ದೂರದಲ್ಲಿ ಒಂದು ಸ್ಕೂಟರ್, ಹಿಂದೆ ರಬ್ಬರ್ ಶೀಟಿನ ಕಟ್ಟು. ಹತ್ತಿರ ಬಂದಾಗ ನೋಡಿದರೆ ಧರ್ಣಪ್ಪ! ಕಾರಿನ ನಂಬರು ಅವರಿಗೆ ಬಾಯಿಪಾಠ. ಸ್ಕೂಟರನ್ನು ರಸ್ತೆಯ ನಡುವೆಯೇ ನಿಲ್ಲಿಸಿ, ಆ ಕಾಲನ್ನೇ ನೆಲಕ್ಕೆ ಊರಿ, ನೀವು ಮೊದಲು ಹೋಗಿ ಎಂದು ಕೈಸನ್ನೆ ಮಾಡಿದರು.

ನಾನು ಅಲ್ಲಾಡಲಿಲ್ಲ. ಅವರೂ ಅಲ್ಲಾಡಲಿಲ್ಲ. ಹಿಂದೆ ಬಂದ ರಿಕ್ಷಾದವನು ಇಬ್ಬರಿಗೂ ಸಮನಾಗಿ ಬೈದ. ಕೊನೆಗೆ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ: "ಗೌಡ್ರೇ, ಕೋರ್ಟು ಕೊಟ್ಟ ರಸ್ತೆ ಮಾರಾಯ್ರೆ! ನೀವು ಹೋಗಿ, ಮತ್ತೆ ನಾನು."

ನಗುತ್ತ ಹೋದರು. ಅವರು ಪೂರ್ತಿ ದಾಟುವವರೆಗೆ ಕಾದು, ಮತ್ತೊಮ್ಮೆ ಬಲಕ್ಕೆ ನೋಡಿ, ನಾನೂ ಹೊರಟೆ.

ನಿನ್ನ ಮಾವ
ನಿತ್ಯಾನಂದ